ಗಿಟ್ ಕ್ಲೋನ್ ಆಗುತ್ತಿಲ್ಲವೇ? ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಓಪನ್ ಸೋರ್ಸ್ ಪ್ರಾಜೆಕ್ಟಿನ ಕೋಡ್ ಎಲ್ಲರಿಗೂ ತೆರೆದೇ ಇರುತ್ತದೆ. ಕೋಡನ್ನೂ ಅದರ ಬದಲಾವಣೆಗಳ ಇತಿಹಾಸವನ್ನೂ ನೋಡಿಕೊಳ್ಳುವ ಗಿಟ್ ಅನ್ನುವ ಸಾಧನಕ್ಕೆ 'ಕ್ಲೋನ್' ಅಂತ ಒಂದು ಕಮಾಂಡ್ ಕೊಟ್ಟರೆ ಅದರ ಪ್ರತಿ ನಮ್ಮ ಕಂಪ್ಯೂಟರಿಗೆ ಬಂದುಬಿಡಬೇಕು. ಆದರೆ ಎಷ್ಟೋ ಸಲ ಬರುವುದು ಕೋಡ್ ಅಲ್ಲ, 'ಫೇಟಲ್' ಅಂತ ಶುರುವಾಗುವ ಒಂದು ಸಾಲು. ಆಗ ಹೆಚ್ಚಿನವರು ಆ ಸಾಲನ್ನು ಗೂಗಲ್‌ಗೆ ಹಾಕಿ, ಮೊದಲು ಸಿಕ್ಕ ಪರಿಹಾರವನ್ನು ಹಾಗೇ ಅಂಟಿಸುತ್ತಾರೆ. ಅದು ಕೆಲಸ ಮಾಡದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಕೊನೆಗೆ ಗಿಟ್ ಸೆಟ್ಟಿಂಗ್ ಫೈಲಿನಲ್ಲಿ ಬೇಡದ ಸಾಲುಗಳು ಸೇರಿರುತ್ತವೆ, ಕೋಡ್ ಮಾತ್ರ ಬಂದಿರುವುದಿಲ್ಲ.

ಕ್ಲೋನ್ ನೋಡಲು ಒಂದೇ ಕೆಲಸ. ಒಳಗೆ ಮಾತ್ರ ಹಲವು ಹಂತ. ಹೆಸರು ಹಿಡಿದು ಸರ್ವರ್ ಹುಡುಕಬೇಕು. ಅದರ ಜೊತೆ ಸಂಪರ್ಕ ಆಗಬೇಕು. ಸಿಕ್ಕಿದ್ದು ಅಸಲಿ ಸರ್ವರ್ ಹೌದೋ ಅಲ್ಲವೋ ನೋಡಬೇಕು. ನಾವು ಕೇಳಿದ ರಿಪೊ (ರಿಪಾಸಿಟರಿ, ಅಂದರೆ ಪ್ರಾಜೆಕ್ಟಿನ ಕೋಡ್ ಮತ್ತು ಇತಿಹಾಸದ ಭಂಡಾರ) ಅಲ್ಲಿದೆಯಾ ವಿಚಾರಿಸಬೇಕು. ಆಮೇಲೆ ಡೇಟಾ ಇಳಿಸಿ, ಬಿಚ್ಚಿ, ಫೈಲುಗಳಾಗಿ ಡಿಸ್ಕಿನಲ್ಲಿ ಬರೆಯಬೇಕು. ಇದರಲ್ಲಿ ಎಲ್ಲಿ ನಿಂತಿತು ಅಂತ ಗೊತ್ತಾದರೆ ಪರಿಹಾರ ಹುಡುಕುವುದು ಸುಲಭ. ಗೊತ್ತಿಲ್ಲದೆ ಸೆಟ್ಟಿಂಗ್ ಬದಲಿಸುತ್ತಾ ಹೋದರೆ ಸುಮ್ನೆ ಸಮಯ ಹಾಳು.

ಇಲ್ಲಿ ಕಮಾಂಡುಗಳನ್ನೂ ಎರರ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಿ. ಹೆಡ್, ಗಿಟ್_ಟ್ರೇಸ್_ಕರ್ಲ್, ಎಸ್‌ಎಸ್‌ಎಚ್-ಕೀಜೆನ್ ಪಕ್ಕದ -ಆರ್ ಇವು ದೊಡ್ಡಕ್ಷರ, ಉಳಿದವು ಚಿಕ್ಕಕ್ಷರ.

ಎಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ

ಗಿಟ್ ಎಲ್‌ಎಸ್-ರಿಮೋಟ್ ವಿಳಾಸ ಹೆಡ್

ಇದು ಏನನ್ನೂ ಇಳಿಸುವುದಿಲ್ಲ. ಆ ವಿಳಾಸದಲ್ಲಿ ರಿಪೊ ಇದೆಯಾ, ಅದರ ತುದಿಯ ಕಮಿಟ್ (ಕೊನೆಯದಾಗಿ ದಾಖಲಾದ ಬದಲಾವಣೆ) ಯಾವುದು ಅಂತ ಮಾತ್ರ ಕೇಳುತ್ತದೆ. ಎಲ್ಲ ಸರಿ ಇದ್ದರೆ 40 ಅಕ್ಷರಗಳ ಒಂದು ಹ್ಯಾಶ್ (ಆ ಕಮಿಟಿನ ಗುರುತು), ಪಕ್ಕದಲ್ಲಿ ಹೆಡ್ ಅನ್ನುವ ಹೆಸರು ಬರುತ್ತದೆ. ಬಂತು ಅಂದರೆ ಸರ್ವರ್, ಸಂಪರ್ಕ, ಸರ್ಟಿಫಿಕೇಟ್ (ಸರ್ವರ್ ಅಸಲಿ ಅನ್ನುವ ಗುರುತುಪತ್ರ), ವಿಳಾಸ ಎಲ್ಲವೂ ಸರಿ ಅಂತಲೇ ಅರ್ಥ. ತೊಂದರೆ ಇರುವುದು ಇಳಿಸುವಾಗ ಅಥವಾ ಆಮೇಲೆ. ಬರಲಿಲ್ಲ ಅಂದರೆ ಡೌನ್‌ಲೋಡ್ ವೇಗ, ಡಿಸ್ಕ್ ಜಾಗ, ಬಫರ್ ಇವನ್ನೆಲ್ಲ ಮುಟ್ಟಲೇಬೇಡಿ. ಅಲ್ಲಿಯ ತನಕ ಗಾಡಿ ಹೋಗಿಯೇ ಇಲ್ಲ.

ನೂರಾರು ಎಂಬಿ ಇರುವ ರಿಪೊವನ್ನು ಮತ್ತೆ ಮತ್ತೆ ಕ್ಲೋನ್ ಮಾಡಿ ನೋಡುವ ಬದಲು ಇದು ಕೆಲವೇ ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಇಷ್ಟು ಉಪಯೋಗದ ಕಮಾಂಡನ್ನು ಜನ ಯಾಕೆ ಬಳಸುವುದಿಲ್ಲವೋ ಗೊತ್ತಿಲ್ಲ.

ಪಬ್ಲಿಕ್ ರಿಪೊ ಪಾಸ್‌ವರ್ಡ್ ಕೇಳಿದರೆ

ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ. ಕ್ಲೋನ್ ಕೊಟ್ಟ ಕೂಡಲೇ ಟರ್ಮಿನಲ್ 'ಯೂಸರ್‌ನೇಮ್' ಅಂತ ಕೇಳಿ ಕಾಯುತ್ತಾ ಕೂರುತ್ತದೆ. ಪಬ್ಲಿಕ್ ಕೋಡ್ ಓದುವುದಕ್ಕೆ ಹೆಸರೂ ಬೇಡ, ಪಾಸ್‌ವರ್ಡೂ ಬೇಡ. ಹಾಗಾದರೆ ಕೇಳಿದ್ದು ಯಾಕೆ?

ಬಹುಪಾಲು ಸಲ ಕಾರಣ ಒಂದೇ: ವಿಳಾಸ ತಪ್ಪಿದೆ. ಗಿಟ್‌ಹಬ್‌ನಂಥ ರಿಪೊ ಇಡುವ ತಾಣಗಳು ಪ್ರೈವೇಟ್ ರಿಪೊಗಳ ಹೆಸರನ್ನೂ ಹೊರಗಿನವರಿಗೆ ತಿಳಿಯಗೊಡುವುದಿಲ್ಲ. ಆ ಹೆಸರಿನ ರಿಪೊ ಇಲ್ಲದಿದ್ದರೂ, ಇದ್ದು ಪ್ರೈವೇಟ್ ಆಗಿದ್ದರೂ ಸರ್ವರ್ ಕೊಡುವ ಉತ್ತರ ಒಂದೇ, 'ಮೊದಲು ನೀವು ಯಾರು ಹೇಳಿ'. ಇದು 401 ಉತ್ತರ. ಅದನ್ನು ಕಂಡ ಗಿಟ್ ನಿಮ್ಮ ಕಡೆ ತಿರುಗಿ ಯೂಸರ್‌ನೇಮ್ ಕೇಳುತ್ತದೆ. ಒಂದು ಅಕ್ಷರ ಬಿಟ್ಟುಹೋಗಿದ್ದರೂ ಕಾಣುವುದು ಲಾಗಿನ್ ಸಮಸ್ಯೆಯ ಹಾಗೆ.

ಮುಂದಿನದು ಎಲ್ಲ ಕಡೆ ಹೀಗೇ ನಡೆಯುತ್ತದೆ. ಕೇಳಿತಲ್ಲ ಅಂತ ಅಕೌಂಟಿನ ಪಾಸ್‌ವರ್ಡ್ ಕೊಡುತ್ತಾರೆ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಅಕೌಂಟ್ ಪಾಸ್‌ವರ್ಡನ್ನು ಒಪ್ಪುವುದಿಲ್ಲ. ಹಾಗಾಗಿ 'ಪಾಸ್‌ವರ್ಡ್ ಅಥೆಂಟಿಕೇಶನ್ ನಿಲ್ಲಿಸಲಾಗಿದೆ' ಅನ್ನುವ ಅರ್ಥದ ಎರರ್ ಬರುತ್ತದೆ. ಅದನ್ನು ಓದಿದವರು ಪಾಸ್‌ವರ್ಡ್ ಬದಲು ಕೊಡುವ ಟೋಕನ್ ಮಾಡಲು ಹೊರಡುತ್ತಾರೆ, ಅದಕ್ಕೆ ಪರ್ಮಿಶನ್ ಕೊಡುತ್ತಾರೆ. ಟೋಕನ್ ಹಾಕಿದ ಮೇಲೆ 'ರಿಪಾಸಿಟರಿ ನಾಟ್ ಫೌಂಡ್' ಅಂತ ನಿಜವಾದ ಕಾರಣ ಹೊರಬರುತ್ತದೆ. ಇಷ್ಟೆಲ್ಲ ಒಂದು ಕಾಗುಣಿತದ ತಪ್ಪಿಗೆ!

ಆದ್ದರಿಂದ ಪಬ್ಲಿಕ್ ರಿಪೊ ಯೂಸರ್‌ನೇಮ್ ಕೇಳಿದರೆ ಏನೂ ಟೈಪ್ ಮಾಡಬೇಡಿ. ಕಂಟ್ರೋಲ್-ಸಿ ಒತ್ತಿ ಹೊರಗೆ ಬನ್ನಿ. ಅದೇ ವಿಳಾಸವನ್ನು ಬ್ರೌಸರಿನ ಪ್ರೈವೇಟ್ ವಿಂಡೋದಲ್ಲಿ ತೆರೆಯಿರಿ. ಪ್ರೈವೇಟ್ ವಿಂಡೋ ಯಾಕೆ ಅಂದರೆ, ಮಾಮೂಲಿ ವಿಂಡೋದಲ್ಲಿ ನೀವು ಲಾಗಿನ್ ಆಗಿರಬಹುದು. ನಿಮಗೆ ಮಾತ್ರ ಕಾಣುವ ರಿಪೊ ಎಲ್ಲರಿಗೂ ಕಾಣುತ್ತದೆ ಅಂತ ಅನ್ನಿಸಿಬಿಡುತ್ತದೆ. ಅಲ್ಲಿ 404 ಬಂದರೆ ವಿಳಾಸ ತಪ್ಪು, ಅಥವಾ ರಿಪೊ ಈಗ ಪಬ್ಲಿಕ್ ಆಗಿ ಉಳಿದಿಲ್ಲ.

ವಿಳಾಸ ತಪ್ಪುವುದರಲ್ಲೂ ಕೆಲವು ಬಗೆಗಳಿವೆ. ಬ್ರೌಸರಿನ ಮೇಲಿನ ಪಟ್ಟಿಯಿಂದ ನಕಲು ಮಾಡಿದಾಗ ಕೊನೆಗೆ 'ಟ್ರೀ/ಮೇನ್/ಎಸ್‌ಆರ್‌ಸಿ' ಅಂತ ಬಾಲ ಸೇರಿರುತ್ತದೆ. ಅದು ರಿಪೊ ಒಳಗಿನ ಫೋಲ್ಡರಿನ ಪುಟ, ಕ್ಲೋನ್ ಮಾಡುವ ವಿಳಾಸ ಅಲ್ಲ. ಬಾಲ ಕತ್ತರಿಸಿ ಮಾಲೀಕರ ಹೆಸರು, ರಿಪೊ ಹೆಸರು ಇಷ್ಟೇ ಉಳಿಸಿ. ನಿಮಗೆ ಆ ಒಂದು ಫೋಲ್ಡರೇ ಸಾಕಾಗಿದ್ದರೆ ಅದಕ್ಕೆ ಸ್ಪಾರ್ಸ್-ಚೆಕ್‌ಔಟ್ ಇದೆ. ಇನ್ನು ಪ್ರಾಜೆಕ್ಟ್ ಹೆಸರು ಬದಲಾಗಿದ್ದರೆ ಗಿಟ್‌ಹಬ್ ಹಳೆಯ ವಿಳಾಸದಿಂದ ಹೊಸದಕ್ಕೆ ತಾನೇ ಕಳಿಸುತ್ತದೆ. ಆದರೆ ಅದೇ ಜಾಗದಲ್ಲಿ ಹಳೆಯ ಹೆಸರಿನಲ್ಲೇ ಹೊಸ ರಿಪೊ ಹುಟ್ಟಿದರೆ ಆ ಸೌಲಭ್ಯ ನಿಂತುಹೋಗುತ್ತದೆ, ನೀವು ಇಳಿಸಿಕೊಳ್ಳುವುದು ಬೇರೆ ಕೋಡ್. ಎರರ್ ಕೂಡ ಬರುವುದಿಲ್ಲ. ಕ್ಲೋನ್ ಆದ ಮೇಲೆ ಗಿಟ್ ಲಾಗ್ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ವಿಳಾಸ 'ಗಿಟ್@' ಅಂತ ಶುರುವಾದರೆ ಅದು ಎಸ್‌ಎಸ್‌ಎಚ್ ದಾರಿ. ಗಿಟ್‌ಹಬ್‌ನಲ್ಲಿ ಈ ದಾರಿ ಹಿಡಿದರೆ ಪಬ್ಲಿಕ್ ರಿಪೊ ಓದಲೂ ಅಕೌಂಟ್ ಮತ್ತು ಕೀ (ನೀವು ಯಾರು ಅಂತ ಸಾಬೀತು ಮಾಡುವ ಫೈಲ್) ಬೇಕೇ ಬೇಕು. 'ಪರ್ಮಿಶನ್ ಡಿನೈಡ್, ಪಬ್ಲಿಕ್ ಕೀ' ಅಂತ ಬಂದರೆ ಕೀ ಮಾಡಲು ಓಡಬೇಡಿ. ಬರೀ ಓದುವುದಿದ್ದರೆ ಎಚ್‌ಟಿಟಿಪಿಎಸ್ ವಿಳಾಸ ಸಾಕು.

ಹಳೆಯ ಕೈಪಿಡಿಗಳಲ್ಲಿ 'ಗಿಟ್://' ಅಂತ ಶುರುವಾಗುವ ವಿಳಾಸಗಳೂ ಸಿಗುತ್ತವೆ. ಅದು ಪೋರ್ಟ್ 9418ರ ಹಳೆಯ ದಾರಿ. ಗುಟ್ಟೂ ಇಲ್ಲ, ಸರ್ವರ್ ಅಸಲಿಯೇ ಅನ್ನುವ ಖಾತರಿಯೂ ಇಲ್ಲ. ಗಿಟ್‌ಹಬ್ ಇದನ್ನು 2022ರ ಮಾರ್ಚ್ 15ಕ್ಕೆ ಪೂರ್ತಿ ಮುಚ್ಚಿತು. ನೀವೇ ಟೈಪ್ ಮಾಡುವ ವಿಳಾಸವಾದರೆ ಬದಲಿಸಿದರೆ ಮುಗಿಯಿತು. ಅದು ಸಬ್‌ಮಾಡ್ಯೂಲ್ (ರಿಪೊ ಒಳಗೆ ಸೇರಿಸಿದ ಇನ್ನೊಂದು ರಿಪೊ) ಪಟ್ಟಿಯಲ್ಲೋ ಬಿಲ್ಡ್ ಸ್ಕ್ರಿಪ್ಟಿನ ಒಳಗೋ ಕೂತಿದ್ದರೆ ಈ ಸಾಲು ಉಪಕಾರಕ್ಕೆ ಬರುತ್ತದೆ:

ಗಿಟ್ ಕಾನ್ಫಿಗ್ --ಗ್ಲೋಬಲ್ ಯುಆರ್‌ಎಲ್."ಎಚ್‌ಟಿಟಿಪಿಎಸ್://ಗಿಟ್‌ಹಬ್.ಕಾಮ್/".ಇನ್‌ಸ್ಟೆಡ್‌ಆಫ್ "ಗಿಟ್://ಗಿಟ್‌ಹಬ್.ಕಾಮ್/"

ಹಳೆಯ ವಿಳಾಸ ಎಲ್ಲಿ ಕಂಡರೂ ಗಿಟ್ ಅದನ್ನು ಹೊಸದಾಗಿ ಓದಿಕೊಳ್ಳುತ್ತದೆ. ಎಸ್‌ಎಸ್‌ಎಚ್ ವಿಳಾಸಕ್ಕೂ ಇದೇ ಉಪಾಯ. ಕೆಲಸ ಮುಗಿದ ಮೇಲೆ ತೆಗೆಯುವುದು ನೆನಪಿರಲಿ. ಇಲ್ಲದಿದ್ದರೆ ಮುಂದೆ ಯಾವತ್ತೋ ಪುಶ್ ಮಾಡುವಾಗ (ನಿಮ್ಮ ಬದಲಾವಣೆಯನ್ನು ಸರ್ವರಿಗೆ ಕಳಿಸುವಾಗ) ತಲೆ ಕೆಡಿಸುತ್ತದೆ.

ಕೆಲವೊಮ್ಮೆ ಮನೆಯೇ ಖಾಲಿ, ಅಂದರೆ ಕೋಡ್ ಇಟ್ಟಿದ್ದ ತಾಣವೇ ಮುಚ್ಚಿರುತ್ತದೆ. ಗಿಟೋರಿಯಸ್ 2015ರಲ್ಲಿ ಬಾಗಿಲು ಹಾಕಿತು, ಗೂಗಲ್ ಕೋಡ್ 2016ರ ಜನವರಿಯಲ್ಲಿ. ಬಿಟ್‌ಬಕೆಟ್ 2020ರಲ್ಲಿ ಗಿಟ್ ಥರದ್ದೇ ಇನ್ನೊಂದು ಸಾಧನವಾದ ಮರ್ಕ್ಯುರಿಯಲ್ ರಿಪೊಗಳನ್ನು ಕೈಬಿಟ್ಟಿತು. ಗಿಟ್‌ಹಬ್‌ನಿಂದ ಸಬ್‌ವರ್ಶನ್ ಅನ್ನುವ ಹಳೆಯ ಸಾಧನದ ಮೂಲಕ ಕೋಡ್ ಎಳೆಯುವ ದಾರಿ 2024ರ ಜನವರಿಯಲ್ಲಿ ನಿಂತಿತು. ಇಂಥ ಲಿಂಕಿನ ಮುಂದೆ ಎಷ್ಟು ತಿಣುಕಿದರೂ ಪ್ರಯೋಜನವಿಲ್ಲ. ಸಾಫ್ಟ್‌ವೇರ್ ಹೆರಿಟೇಜ್ ಭಂಡಾರದಲ್ಲಿ ಹಳೆಯ ವಿಳಾಸವನ್ನೇ ಹಾಕಿ ಹುಡುಕಿ. ಅಲ್ಲಿ ಪ್ರತಿ ಉಳಿದಿರುವ ಸಾಧ್ಯತೆ ಇದೆ.

ಸರ್ವರ್ ತನಕವೇ ಹೋಗದಿದ್ದರೆ

'ಕುಡ್ ನಾಟ್ ರಿಸಾಲ್ವ್ ಹೋಸ್ಟ್' ಅಂದರೆ ಹೆಸರಿನಿಂದ ಸರ್ವರ್ ಸಿಗಲಿಲ್ಲ. ಹೆಸರಿನ ಕಾಗುಣಿತ, ನೆಟ್, ವಿಪಿಎನ್ ನೋಡಿ. ಸುಮಾರು ಹೊತ್ತು ಸುಮ್ಮನಿದ್ದು ಆಮೇಲೆ 'ಟೈಮ್ಡ್ ಔಟ್' ಅಂದರೆ ಹೆಸರು ಸಿಕ್ಕಿದೆ, ನಡುವೆ ಯಾರೋ ತಡೆಯುತ್ತಿದ್ದಾರೆ. ಎಷ್ಟೋ ಆಫೀಸು, ಕಾಲೇಜು ನೆಟ್‌ವರ್ಕುಗಳಲ್ಲಿ ಎಸ್‌ಎಸ್‌ಎಚ್‌ನ ಪೋರ್ಟ್ 22 ಮುಚ್ಚಿರುತ್ತದೆ. 443 ತೆರೆದೇ ಇರುತ್ತದೆ. ಅಲ್ಲೂ ಎಚ್‌ಟಿಟಿಪಿಎಸ್ ವಿಳಾಸವೇ ಸುಲಭದ ದಾರಿ.

ಬ್ರೌಸರಿನಲ್ಲಿ ಪುಟ ತೆರೆಯುತ್ತದೆ, ಗಿಟ್ ಮಾತ್ರ ಹೋಗುವುದಿಲ್ಲ ಅಂದರೆ ಪ್ರಾಕ್ಸಿ (ನಡುವೆ ನಿಂತು ನೆಟ್ ಸಂಪರ್ಕ ದಾಟಿಸುವ ಸರ್ವರ್) ಮೇಲೆ ಅನುಮಾನ ಪಡಿ. ಬ್ರೌಸರಿಗೆ ಹೇಳಿದ ಪ್ರಾಕ್ಸಿ ಗಿಟ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಎಚ್‌ಟಿಟಿಪಿ.ಪ್ರಾಕ್ಸಿ ಸೆಟ್ಟಿಂಗಿನಲ್ಲಿ ಬೇರೆಯಾಗಿ ಹೇಳಬೇಕು. ಉಲ್ಟಾ ಕೂಡ ಆಗುತ್ತದೆ: ಹಿಂದೆ ಎಲ್ಲೋ ಹಾಕಿದ್ದ ಪ್ರಾಕ್ಸಿ ಹಾಗೇ ಉಳಿದು ಈಗ ದಾರಿಗೆ ಅಡ್ಡ ನಿಂತಿರುತ್ತದೆ. ಗಿಟ್ ಕಾನ್ಫಿಗ್ --ಲಿಸ್ಟ್ --ಶೋ-ಒರಿಜಿನ್ ಕೊಟ್ಟರೆ ಯಾವ ಸೆಟ್ಟಿಂಗ್ ಯಾವ ಫೈಲಿನಿಂದ ಬಂತು ಅಂತ ಪೂರ್ತಿ ಪಟ್ಟಿ ಸಿಗುತ್ತದೆ. ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಇಟ್ಟ ಪ್ರಾಕ್ಸಿ ಈ ಪಟ್ಟಿಯಲ್ಲಿ ಕಾಣುವುದಿಲ್ಲ, ಅದನ್ನು ಬೇರೆಯಾಗಿ ನೋಡಿ.

'ಈಸ್ ದಿಸ್ ಎ ಗಿಟ್ ರಿಪಾಸಿಟರಿ?' ಅಂತ ಗಿಟ್ ನಿಮ್ಮನ್ನೇ ಪ್ರಶ್ನೆ ಕೇಳುವುದೂ ಉಂಟು. ಅಂದರೆ ಉತ್ತರವೇನೋ ಬಂದಿದೆ, ಆದರೆ ಅದು ಗಿಟ್‌ನ ಉತ್ತರ ಅಲ್ಲ, ಯಾವುದೋ ವೆಬ್ ಪುಟ. ಪ್ರಾಜೆಕ್ಟಿನ ಮುಖಪುಟದ ಲಿಂಕ್ ಕೊಟ್ಟಿರಬಹುದು. ವೈಫೈ ಲಾಗಿನ್ ಪುಟ ನಡುವೆ ಬಂದಿರಬಹುದು.

ಸರ್ಟಿಫಿಕೇಟ್ ತಕರಾರು

ಮೊದಲು ಕಂಪ್ಯೂಟರಿನ ತಾರೀಕು ನೋಡಿ. ಗಡಿಯಾರ ವರ್ಷಗಟ್ಟಲೆ ಹಿಂದೆ ಉಳಿದಿದ್ದರೆ ಒಳ್ಳೆಯ ಸರ್ಟಿಫಿಕೇಟೂ 'ಇನ್ನೂ ಜಾರಿಗೆ ಬಂದಿಲ್ಲ' ಅಂತ ಕಾಣುತ್ತದೆ. ತಾರೀಕು ಸರಿ ಇದ್ದು ಸಿಸ್ಟಮ್ ತುಂಬಾ ಹಳೆಯದಾದರೆ ಅದರಲ್ಲಿರುವ ರೂಟ್ ಸರ್ಟಿಫಿಕೇಟುಗಳು (ಉಳಿದ ಸರ್ಟಿಫಿಕೇಟುಗಳನ್ನು ನಂಬಲು ಆಧಾರವಾದವು) ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ಕ್ಕೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಆಧರಿಸಿದ್ದ ಹಳೆಯ ರೂಟ್ ಒಂದರ ಅವಧಿ ಮುಗಿದಾಗ ಅಪ್‌ಡೇಟ್ ಕಾಣದ ಎಷ್ಟೋ ಮೆಶಿನ್‌ಗಳು ಹೀಗೇ ಮುಗ್ಗರಿಸಿದವು. ಆಫೀಸ್ ನೆಟ್‌ವರ್ಕಿನಲ್ಲಿ ಮಾತ್ರ ಈ ಎರರ್ ಬಂದು ಮೊಬೈಲ್ ಡೇಟಾದಲ್ಲಿ ಬರದಿದ್ದರೆ, ನಡುವೆ ಸಂಪರ್ಕ ಬಿಚ್ಚಿ ನೋಡುವ ಪೆಟ್ಟಿಗೆ ಇದೆ ಅಂತ ಅರ್ಥ. ಅದರ ರೂಟ್ ಸರ್ಟಿಫಿಕೇಟನ್ನು ಐಟಿಯವರಿಂದ ಕೇಳಿ ಪಡೆದು ಸೇರಿಸಿ.

ಎಸ್‌ಎಸ್‌ಎಲ್‌ವೆರಿಫೈ ಫಾಲ್ಸ್ ಮಾಡಿ, ಅಂದರೆ ಸರ್ಟಿಫಿಕೇಟ್ ತಪಾಸಣೆಯನ್ನೇ ನಿಲ್ಲಿಸಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಮಾಡಬೇಡಿ. ಇಳಿಸಿದ ಕೋಡನ್ನು ನೀವು ಮುಂದಿನ ನಿಮಿಷದಲ್ಲಿ ನಿಮ್ಮ ಮೆಶಿನ್ ಮೇಲೆ ಓಡಿಸುವವರು ಅಲ್ವಾ? ಅದು ಯಾರಿಂದ ಬಂತು ಅಂತ ನೋಡುವುದನ್ನೇ ಬಿಟ್ಟರೆ ಹೇಗೆ?

ಎಸ್‌ಎಸ್‌ಎಚ್‌ನಲ್ಲಿ ಇದರ ಜೋಡಿ ಎರರ್ 'ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್'. ಗಿಟ್‌ಹಬ್ 2023ರ ಮಾರ್ಚ್ 24ರಂದು ತನ್ನ ಸರ್ವರಿನ ಗುರುತು ತೋರಿಸುವ ಆರ್‌ಎಸ್‌ಎ ಕೀ ಬದಲಿಸಿತು. ಹಳೆಯ ಕೀ ಪಬ್ಲಿಕ್ ರಿಪೊ ಒಂದರಲ್ಲಿ ಸ್ವಲ್ಪ ಹೊತ್ತು ಬಯಲಾಗಿತ್ತು. ಎಷ್ಟೋ ದಿನ ಮುಟ್ಟದ ಮೆಶಿನ್ ತೆರೆದರೆ ಇವತ್ತಿಗೂ ಈ ಎಚ್ಚರಿಕೆ ಬರಬಹುದು. ತಾಣ ಪ್ರಕಟಿಸಿರುವ ಫಿಂಗರ್‌ಪ್ರಿಂಟ್ ಜೊತೆ ಹೋಲಿಸಿ, ಸರಿ ಇದ್ದರೆ ಮಾತ್ರ ಎಸ್‌ಎಸ್‌ಎಚ್-ಕೀಜೆನ್ -ಆರ್ ಕೊಟ್ಟು ಹಳೆಯದನ್ನು ತೆಗೆಯಿರಿ.

ಅರ್ಧ ಬಂದು ನಿಂತರೆ

ಇಲ್ಲಿ ಗಿಟ್ ತಾನೇ ಸುಳಿವು ಕೊಡುತ್ತಾ ಹೋಗುತ್ತದೆ. ತೆರೆ ಮೇಲೆ ಒಂದರ ಕೆಳಗೊಂದು ಬರುವ ಸಾಲುಗಳನ್ನು ನೋಡಿ. 'ರಿಮೋಟ್: ಎನ್ಯೂಮರೇಟಿಂಗ್', 'ರಿಮೋಟ್: ಕೌಂಟಿಂಗ್', 'ರಿಮೋಟ್: ಕಂಪ್ರೆಸಿಂಗ್' ಇವೆಲ್ಲ ಸರ್ವರ್ ತನ್ನ ಕಡೆ ಮಾಡುತ್ತಿರುವ ತಯಾರಿ. 'ರಿಸೀವಿಂಗ್ ಆಬ್ಜೆಕ್ಟ್ಸ್: 43%' ಅನ್ನುವುದು ಮಾತ್ರ ನೆಟ್ ಮೇಲಿನ ಓಟ. ಅದರ ಪಕ್ಕದಲ್ಲೇ ಎಷ್ಟು ಎಂಬಿ ಬಂತು, ವೇಗ ಎಷ್ಟು ಅಂತಲೂ ಇರುತ್ತದೆ. ಆಮೇಲಿನ 'ರಿಸಾಲ್ವಿಂಗ್ ಡೆಲ್ಟಾಸ್' ಪೂರ್ತಿ ನಿಮ್ಮ ಪ್ರೊಸೆಸರ್ ಮತ್ತು ರ‍್ಯಾಮ್ ಕೆಲಸ. ಅಲ್ಲಿ ತಡವಾದರೆ ನೆಟ್ ಬೈದು ಫಲವಿಲ್ಲ. ಕೊನೆಯ 'ಅಪ್‌ಡೇಟಿಂಗ್ ಫೈಲ್ಸ್' ಡಿಸ್ಕಿನದು.

ರಿಸೀವಿಂಗ್‌ನಲ್ಲಿ ಕಡಿದುಹೋದರೆ ಎರರ್ ಒಂದು ಸಾಲಿನದಲ್ಲ, ಮೂರ್ನಾಲ್ಕು ಸಾಲಿನ ಗೊಂಚಲು. ಕೊನೆಗೆ ಕಾಣುವ 'ಅರ್ಲಿ ಇಒಎಫ್', 'ಇಂಡೆಕ್ಸ್-ಪ್ಯಾಕ್ ಫೇಲ್ಡ್' ಬರೀ ಪರಿಣಾಮ. ಕಾರಣ ಇರುವುದು ಗೊಂಚಲಿನ ಮೊದಲ ಸಾಲಿನಲ್ಲಿ. ಅಲ್ಲಿ 'ಆರ್‌ಪಿಸಿ ಫೇಲ್ಡ್. ಕರ್ಲ್ 18' ಅಂದರೆ ಡೇಟಾ ಬರುತ್ತಿರುವಾಗಲೇ ಸಂಪರ್ಕ ಕಡಿಯಿತು. 'ಕರ್ಲ್ 92' ಅಂದರೆ ಎಚ್‌ಟಿಟಿಪಿ 2ರ ಹರಿವು ಮುರಿಯಿತು. ಇದಕ್ಕೆ ಎಚ್‌ಟಿಟಿಪಿ.ವರ್ಶನ್ ಸೆಟ್ಟಿಂಗನ್ನು 1.1ಕ್ಕೆ ಇಳಿಸಿ ನೋಡಬಹುದು.

ಈ ಎರರ್‌ಗೆ ಎಚ್‌ಟಿಟಿಪಿ.ಪೋಸ್ಟ್‌ಬಫರ್ ಅನ್ನು 524288000ಕ್ಕೆ ಏರಿಸಿ ಅಂತ ಹೇಳದವರೇ ಇಲ್ಲ. ಆ ಬಫರ್ ನಿಮ್ಮ ಕಡೆಯಿಂದ ಸರ್ವರಿಗೆ ಕಳಿಸುವ ಡೇಟಾಗೆ ಸಂಬಂಧಪಟ್ಟದ್ದು. ಕ್ಲೋನ್‌ನಲ್ಲಿ ಡೇಟಾ ಬರುವುದು ಆ ಕಡೆಯಿಂದ. ಏರಿಸಿದ ಮೇಲೆ ಕ್ಲೋನ್ ಆಯಿತು ಅಂದರೆ ಎರಡನೇ ಸಲಕ್ಕೆ ನೆಟ್ ಸರಿ ಇತ್ತು ಅಷ್ಟೇ.

ಅದಕ್ಕಿಂತ ಎಲ್ಲಿ ಕಡಿಯುತ್ತದೆ ಅನ್ನುವುದನ್ನು ಗಮನಿಸಿ. ಪ್ರತಿ ಸಲ ಹೆಚ್ಚು ಕಡಿಮೆ ಅಷ್ಟೇ ಹೊತ್ತಿಗೆ ಕಡಿದರೆ ನಡುವಿನ ಪ್ರಾಕ್ಸಿಗೋ ಫೈರ್‌ವಾಲಿಗೋ ಸಮಯದ ಮಿತಿ ಇರಬಹುದು. ಪ್ರತಿ ಸಲ ಅಷ್ಟೇ ಎಂಬಿಗೆ ಕಡಿದರೆ ಗಾತ್ರದ ಮಿತಿ, ಇಲ್ಲವೇ ನಿಮ್ಮ ಡಿಸ್ಕೇ ತುಂಬಿದೆ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ದೊಡ್ಡ ರಿಪೊದ ಪ್ಯಾಕ್ ಫೈಲ್ ಅಲ್ಲಿ ಹಿಡಿಸುವುದಿಲ್ಲ. ಮನಬಂದಂತೆ ಕಡಿದರೆ ನೆಟ್ ಲೈನೇ ಸರಿ ಇಲ್ಲ.

ಕ್ಲೋನ್ ಕಡಿದ ಜಾಗದಿಂದ ಮುಂದುವರಿಯುವುದಿಲ್ಲ, ಮತ್ತೆ ಮೊದಲಿನಿಂದಲೇ ಶುರು. ಹಾಗಾಗಿ ಕೆಟ್ಟ ಲೈನಿನಲ್ಲಿ ತುತ್ತು ಸಣ್ಣದು ಮಾಡಿಕೊಳ್ಳುವುದೇ ಜಾಣತನ:

ಗಿಟ್ ಕ್ಲೋನ್ --ಡೆಪ್ತ್ 1 ವಿಳಾಸ
ಗಿಟ್ ಫೆಚ್ --ಡೀಪನ್ 500
ಗಿಟ್ ಫೆಚ್ --ಅನ್‌ಶಾಲೋ

ಮೊದಲನೆಯದು ಕೊನೆಯ ಕಮಿಟ್ ಮಾತ್ರ ತರುತ್ತದೆ. ಎರಡನೆಯದನ್ನು ಬೇಕಾದಷ್ಟು ಸಲ ಕೊಟ್ಟು ಇತಿಹಾಸವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳಬಹುದು. ನಡುವೆ ಕಡಿದರೂ ಆಗಲೇ ಬಂದದ್ದು ಉಳಿದಿರುತ್ತದೆ. ಮೂರನೆಯದು ಉಳಿದ ಇತಿಹಾಸವನ್ನೆಲ್ಲ ತರುತ್ತದೆ. ಕೋಡ್ ಓದಿ ಬಿಲ್ಡ್ ಮಾಡುವುದಷ್ಟೇ ಬೇಕಿದ್ದರೆ ಮೊದಲ ಸಾಲೇ ಸಾಕು. ಒಂದು ವಿಷಯ ಗೊತ್ತಿರಲಿ: ಡೆಪ್ತ್ ಕೊಟ್ಟರೆ ಒಂದೇ ಬ್ರಾಂಚ್ (ಕೋಡಿನ ಒಂದು ಕವಲು) ಬರುತ್ತದೆ. ಬೇರೆಯವೂ ಬೇಕಿದ್ದರೆ --ನೋ-ಸಿಂಗಲ್-ಬ್ರಾಂಚ್ ಸೇರಿಸಿ.

ಕ್ಲೋನ್ ಆಯಿತು, ಫೈಲ್ ಎಲ್ಲಿ?

'ಕ್ಲೋನ್ ಸಕ್ಸೀಡೆಡ್, ಬಟ್ ಚೆಕ್‌ಔಟ್ ಫೇಲ್ಡ್' ಅಂತ ಬಂದರೆ ಡೇಟಾ ಎಲ್ಲ ಬಂದಿದೆ, ಬರೆಯಲು ಮಾತ್ರ ಆಗಿಲ್ಲ. ಅಳಿಸಿ ಮತ್ತೆ ಇಳಿಸಬೇಡಿ. ಇದು ಜಾಸ್ತಿ ಕಾಣುವುದು ವಿಂಡೋಸ್‌ನಲ್ಲಿ. ಫೈಲಿನ ದಾರಿ 260 ಅಕ್ಷರಗಳ ಮಿತಿ ದಾಟಿದರೆ 'ಫೈಲ್‌ನೇಮ್ ಟೂ ಲಾಂಗ್' ಬರುತ್ತದೆ. ಕೋರ್.ಲಾಂಗ್‌ಪಾತ್ಸ್ ಅನ್ನು ಟ್ರೂ ಮಾಡಿ, ಎರರ್ ಜೊತೆ ಗಿಟ್ ತೋರಿಸುವ ರಿಸ್ಟೋರ್ ಕಮಾಂಡ್ ಕೊಡಿ. 'ಇನ್‌ವ್ಯಾಲಿಡ್ ಪಾತ್' ಬಂದರೆ ಹೆಸರಿನಲ್ಲೇ ವಿಂಡೋಸ್ ಒಪ್ಪದ ಅಕ್ಷರ ಇದೆ, ಅಥವಾ ಆಕ್ಸ್, ಕಾನ್ ಥರದ ಮೀಸಲು ಹೆಸರಿದೆ.

ದೊಡ್ಡಕ್ಷರ, ಚಿಕ್ಕಕ್ಷರದ ತೊಂದರೆ ಇನ್ನೊಂದು. ಲಿನಕ್ಸ್ ಕರ್ನಲ್‌ನ ನೆಟ್‌ಫಿಲ್ಟರ್ ಫೋಲ್ಡರಿನಲ್ಲಿ 'ಎಕ್ಸ್‌ಟಿ_ಕಾನ್‌ಮಾರ್ಕ್.ಎಚ್' ಹೆಸರಿನ ಎರಡು ಫೈಲುಗಳಿವೆ. ಒಂದರಲ್ಲಿ ಕಾನ್‌ಮಾರ್ಕ್ ಪೂರ್ತಿ ದೊಡ್ಡಕ್ಷರ, ಇನ್ನೊಂದರಲ್ಲಿ ಚಿಕ್ಕಕ್ಷರ. ವಿಂಡೋಸ್ ಮತ್ತು ಮ್ಯಾಕ್‌ನ ಮಾಮೂಲಿ ಡಿಸ್ಕಿಗೆ ಇವೆರಡೂ ಒಂದೇ. ಒಂದು ಮಾತ್ರ ಉಳಿಯುತ್ತದೆ. ನೀವು ಏನನ್ನೂ ಮುಟ್ಟದಿದ್ದರೂ ಗಿಟ್ ಸ್ಟೇಟಸ್ 'ಮಾಡಿಫೈಡ್' ಅನ್ನುತ್ತದೆ. ಅಕ್ಷರಭೇದ ಗುರುತಿಸುವ ಡಿಸ್ಕಿನಲ್ಲಿ ಕ್ಲೋನ್ ಮಾಡುವುದೊಂದೇ ದಾರಿ.

ಫೋಲ್ಡರ್ ಇದೆ, ಒಳಗೆ ಖಾಲಿ ಅಂದರೆ ಸಬ್‌ಮಾಡ್ಯೂಲ್. ಗಿಟ್ ಸಬ್‌ಮಾಡ್ಯೂಲ್ ಸ್ಟೇಟಸ್ ಕೊಟ್ಟಾಗ ಸಾಲಿನ ಮುಂದೆ ಕಳೆಯುವ ಚಿಹ್ನೆ ಇದ್ದರೆ ಅದು ಇನ್ನೂ ಬಂದಿಲ್ಲ ಅಂತ. ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್ ಕೊಟ್ಟರೆ ಬರುತ್ತದೆ. ಚಿತ್ರವೋ ಮಾಡೆಲ್ ಫೈಲೋ ತೆರೆಯದೆ, ಗಾತ್ರ ನೂರು ಚಿಲ್ಲರೆ ಬೈಟ್ ಅಂತ ತೋರಿಸಿದರೆ ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. 'ವರ್ಶನ್', 'ಒಐಡಿ', 'ಸೈಜ್' ಅನ್ನುವ ಮೂರು ಸಾಲು ಕಂಡರೆ ಅದು ಎಲ್‌ಎಫ್‌ಎಸ್ (ದೊಡ್ಡ ಫೈಲುಗಳನ್ನು ಬೇರೆ ಕಡೆ ಇಡುವ ಗಿಟ್ ಜೋಡಣೆ) ಬಿಟ್ಟುಹೋದ ಗುರುತು, ಅಸಲಿ ಫೈಲ್ ಅಲ್ಲ. ಗಿಟ್ ಎಲ್‌ಎಫ್‌ಎಸ್ ಹಾಕಿಕೊಂಡು, ಗಿಟ್ ಎಲ್‌ಎಫ್‌ಎಸ್ ಪುಲ್ ಕೊಡಿ. ಅಲ್ಲಿ ಬ್ಯಾಂಡ್‌ವಿಡ್ತ್ ಕೋಟಾ ಮುಗಿದಿದೆ ಅಂತ ಬಂದರೆ ಅದು ಪ್ರಾಜೆಕ್ಟಿನವರ ಕೋಟಾ, ನಿಮ್ಮ ಕಡೆ ಮಾಡುವುದು ಏನೂ ಇಲ್ಲ.

ಬಿಲ್ಡ್ ಮಾಡುವಾಗ ವರ್ಶನ್ ಸಿಗುತ್ತಿಲ್ಲ ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಜಿಪ್ ಡೌನ್‌ಲೋಡ್ ಅಥವಾ ಡೆಪ್ತ್ 1 ಇರುತ್ತದೆ. ಎಷ್ಟೋ ಪ್ರಾಜೆಕ್ಟುಗಳು ವರ್ಶನ್ ನಂಬರನ್ನು ಗಿಟ್ ಟ್ಯಾಗಿನಿಂದ (ಕಮಿಟಿಗೆ ಅಂಟಿಸಿದ ಹೆಸರು) ಲೆಕ್ಕ ಹಾಕುತ್ತವೆ. ಜಿಪ್‌ನಲ್ಲಿ ಇತಿಹಾಸವೇ ಇಲ್ಲ, ಎಲ್ಲಿಂದ ಬರಬೇಕು? 'ಡುಬಿಯಸ್ ಓನರ್‌ಶಿಪ್' ಅಂದರೆ ಬಹುಶಃ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಕ್ಲೋನ್ ಮಾಡಿ, ಈಗ ಮಾಮೂಲಿ ಯೂಸರ್ ಆಗಿ ಬಳಸುತ್ತಿದ್ದೀರಿ. 2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.35.2ರಿಂದ ಈ ತಪಾಸಣೆ ಇದೆ. ಫೋಲ್ಡರಿನ ಮಾಲೀಕತ್ವ ಸರಿ ಮಾಡಿ. ಈ ತಪಾಸಣೆಗೆ ವಿನಾಯಿತಿ ಕೊಡುವ ಸೇಫ್.ಡೈರೆಕ್ಟರಿ ಸೆಟ್ಟಿಂಗಿಗೆ ನಕ್ಷತ್ರ (*) ಹಾಕಿ ಎಲ್ಲಕ್ಕೂ ಬಾಗಿಲು ತೆಗೆಯಬೇಡಿ.

ಇನ್ನೂ ಗೊತ್ತಾಗದಿದ್ದರೆ

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಕಮಾಂಡಿನ ಮುಂದೆ ಗಿಟ್_ಟ್ರೇಸ್_ಕರ್ಲ್=1 ಸೇರಿಸಿ ಎಲ್‌ಎಸ್-ರಿಮೋಟ್ ಓಡಿಸಿ. ಉದ್ದನೆಯ ಔಟ್‌ಪುಟ್ ಬರುತ್ತದೆ, ಹೆದರಬೇಡಿ. ಎಚ್‌ಟಿಟಿಪಿ ಉತ್ತರದ ನಂಬರ್ ಮಾತ್ರ ಹುಡುಕಿ. 401 ಅಥವಾ 404 ಬಂದರೆ ವಿಳಾಸದ ಭಾಗಕ್ಕೆ ವಾಪಸ್ ಹೋಗಿ. 407 ಅಂದರೆ ಕೇಳುತ್ತಿರುವುದು ಸರ್ವರ್ ಅಲ್ಲ, ನಡುವಿನ ಪ್ರಾಕ್ಸಿ. ಅದಕ್ಕೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. 429 ಅಂದರೆ ನಿಮ್ಮ ಐಪಿಯಿಂದ ವಿಪರೀತ ಸಲ ಕೇಳಲಾಗಿದೆ. 5ರಿಂದ ಶುರುವಾದರೆ ತೊಂದರೆ ಆ ಕಡೆಯದು, ತಾಣದ ಸ್ಟೇಟಸ್ ಪುಟ ನೋಡಿ. ಈ ಕೊನೆಯ ಎರಡರಲ್ಲೂ ಸ್ಕ್ರಿಪ್ಟ್ ಬರೆದು ಸೆಕೆಂಡಿಗೊಮ್ಮೆ ಕ್ಲೋನ್ ಕೊಡುತ್ತಾ ಕೂತರೆ ತಡೆ ಇನ್ನೂ ಉದ್ದ ಆಗಬಹುದು. ಸ್ವಲ್ಪ ಹೊತ್ತು ಬಿಟ್ಟು ಕೊಡಿ.